ಮೇಣದ ಗೊಂಬೆ, ಸೂತ್ರದ ಗೊಂಬೆ

1965ರ ಮಾರ್ಚ್ 20ರ ರಾತ್ರಿ ಇಟಲಿಯ ನೇಪಲ್ಸ್ ನಗರದಲ್ಲಿ ಯೂರೋವಿಷನ್ ಗೀತಸ್ಪರ್ಧೆ ನಡೆಯಿತು. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದ ಪರವಾಗಿ ಪ್ಯಾರಿಸ್ಸಿನ ಹದಿನೇಳು ವರ್ಷದ ಹುಡುಗಿಯೊಬ್ಬಳು ವೇದಿಕೆಗೆ ಬಂದು ನಿಂತಳು. ಹೊಂಬಣ್ಣದ ಕೂದಲು, ಇನ್ನೂ ಪಳಗದ ಎಳೆಯ ದನಿ. ತಾನೊಂದು ಗೊಂಬೆ, ಪ್ರೀತಿಯ ಹಾಡುಗಳನ್ನು ಹಾಡುತ್ತೇನೆ, ಆದರೆ ಪ್ರೀತಿಯೆಂದರೆ ಏನೆಂದು ತನಗಿನ್ನೂ ತಿಳಿಯದು ಎಂಬ ಭಾವದ ಹಾಡನ್ನು ಓಡುವ ಲಯದಲ್ಲಿ ಹಾಡಿ ಮುಗಿಸಿದಳು. ಆ ರಾತ್ರಿಯ ಮೊದಲ ಬಹುಮಾನ ಅವಳಿಗೇ ಬಂತು.

ಹುಡುಗಿಯ ಹೆಸರು ಫ್ರಾನ್ಸ್ ಗಾಲ್. ಹಾಡಿನ ಹೆಸರು 'ಪುಪೇ ದ ಸೀರ್, ಪುಪೇ ದ ಸೋಂ'. ಮಾತು, ರಾಗ ಎರಡೂ ಸೆರ್ಜ್ ಗೆನ್ಸ್‌ಬೂರ್ ಎಂಬ ಮೂವತ್ತಾರರ ಕವಿ-ಗಾಯಕನದು. ಶೀರ್ಷಿಕೆಯನ್ನು 'ಮೇಣದ ಗೊಂಬೆ, ತೌಡಿನ ಗೊಂಬೆ' ಎಂದು ಅನುವಾದಿಸಬಹುದು. ಹಿಂದೆ ಗೊಂಬೆಗಳ ಹೊಟ್ಟೆಗೆ ತೌಡು ತುಂಬುತ್ತಿದ್ದರು. ಆದರೆ ಫ್ರೆಂಚಿನಲ್ಲಿ 'ಸೋಂ' ಎಂದರೆ ತೌಡೂ ಹೌದು, ನಾದವೂ ಹೌದು. 'ಸೀರ್' ಎಂದರೆ ಮೇಣ. ಧ್ವನಿಮುದ್ರಿಕೆಯ ತಟ್ಟೆಗೂ ಅದು ಸಂಕೇತ. ಹೀಗೆ ಅದು ಮೇಣ-ತೌಡುಗಳ ಗೊಂಬೆ, ಜೊತೆಗೆ ತಟ್ಟೆ-ನಾದಗಳ ಗೊಂಬೆ. ಗಾಯಕಿಯ ಬಾಯಿಂದಲೇ ಗಾಯಕಿಯ ಸ್ಥಿತಿಯನ್ನು ಹೇಳಿಸಿದ ಶ್ಲೇಷೆ ಇದು. ಅದು ಎಷ್ಟು ಚತುರವೋ ಅಷ್ಟೇ ಕ್ರೂರವೂ ಹೌದು.

ಅರವತ್ತರ ದಶಕದ ಯುರೋಪಿನ ಪಾಪ್ ಗಾಯಕಿಯರನ್ನು ಕುರಿತು ಇಂದು ಬರೆಯುವವರು ಹೆಚ್ಚಾಗಿ ಅವರ ಉಡುಪು, ಕೇಶವಿನ್ಯಾಸ, ಆ ಕಾಲದ ಹುರುಪುಗಳನ್ನು ನೆನೆಯುತ್ತಾರೆ. ನನ್ನ ಕುತೂಹಲ ಬೇರೆ. ದನಿ ಅವರದಾಗಿದ್ದ ಆ ಹಾಡುಗಳಲ್ಲಿ ಮಾತು ಯಾರದಾಗಿತ್ತು? ಆ ಮಾತಿನ ಅರ್ಥ ಹಾಡುವವಳಿಗೆ ಗೊತ್ತಿತ್ತೆ? ಬೇಡವೆನ್ನುವ ಹಕ್ಕು ಅವಳಿಗಿತ್ತೆ?

ಮೊದಲು ಕಾಲದ ಚಿತ್ರ. ಯುದ್ಧಾನಂತರದ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಆಗ ಹದಿಹರೆಯಕ್ಕೆ ಬಂದಿದ್ದರು. ಕೈಯಲ್ಲಿ ಒಂದಿಷ್ಟು ಕಾಸು, ಕೋಣೆಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ, ಅಗ್ಗದಲ್ಲಿ ಸಿಗುವ ಸಣ್ಣ ತಟ್ಟೆಯ ರೆಕಾರ್ಡುಗಳು. 1959ರಲ್ಲಿ 'ಯೂರೋಪ್ 1' ರೇಡಿಯೋದಲ್ಲಿ ಆರಂಭವಾದ 'ಸಾಲ್ಯು ಲೆ ಕೋಪೆಂ' ಎಂಬ ಕಾರ್ಯಕ್ರಮ ಫ್ರಾನ್ಸಿನ ಎಳೆಯರನ್ನು ಒಂದೇ ಕೇಳುಗ ಸಮುದಾಯವಾಗಿ ಕೂಡಿಸಿತು. 1962ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಬಂತು. 1963ರ ಜೂನ್ 22ರಂದು ಪ್ಯಾರಿಸ್ಸಿನ ನಾಸ್ಯೋಂ ಚೌಕದಲ್ಲಿ ಆ ಕಾರ್ಯಕ್ರಮದ ಹೆಸರಿನಲ್ಲಿ ನಡೆದ ಸಂಗೀತ ಸಭೆಗೆ ಲಕ್ಷಕ್ಕೂ ಮಿಕ್ಕಿ ಯುವಜನರು ಸೇರಿದ್ದು ಹಿರಿಯರನ್ನು ದಿಗಿಲುಗೊಳಿಸಿತು. ಸಮಾಜಶಾಸ್ತ್ರಜ್ಞ ಎದ್ಗಾರ್ ಮೊರಾಂ ಮುಂದಿನ ತಿಂಗಳು 'ಲ ಮೋಂದ್' ಪತ್ರಿಕೆಯಲ್ಲಿ ಅದನ್ನು ವಿಶ್ಲೇಷಿಸುತ್ತ ಈ ಪೀಳಿಗೆಗೆ 'ಯೆಯೆ' ಎಂಬ ಹೆಸರನ್ನು ಬಳಸಿದರು. ಇಂಗ್ಲಿಷ್ ಹಾಡುಗಳ ನಡುವೆ ಬರುವ 'ಯೆ, ಯೆ' ಎಂಬ ಉದ್ಗಾರದಿಂದ ಹುಟ್ಟಿದ ಹೆಸರದು.

ಈ ಸಂಭ್ರಮದ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಸಿಮೊನ್ ದ ಬೊವಾರ್ ಅವರ 'ದಿ ಸೆಕೆಂಡ್ ಸೆಕ್ಸ್' 1949ರಲ್ಲೇ ಪ್ರಕಟವಾಗಿದ್ದ ಆ ದೇಶದಲ್ಲಿ, ಮದುವೆಯಾದ ಹೆಣ್ಣು ಗಂಡನ ಸಮ್ಮತಿಯಿಲ್ಲದೆ ಉದ್ಯೋಗಕ್ಕೆ ಸೇರುವ, ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವ ಹಕ್ಕನ್ನು ಕೊಟ್ಟ ಕಾನೂನು ಬಂದದ್ದು 1965ರ ಜುಲೈ 13ರಂದು. ಅಂದರೆ ನೇಪಲ್ಸಿನ ಗೆಲುವಿಗೆ ನಾಲ್ಕು ತಿಂಗಳ ನಂತರ. ಗರ್ಭನಿರೋಧಕಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1967ರ ಡಿಸೆಂಬರಿನಲ್ಲಿ. ಪ್ರಾಯಪ್ರಬುದ್ಧತೆಯ ವಯಸ್ಸು 1974ರವರೆಗೂ ಇಪ್ಪತ್ತೊಂದೇ ಆಗಿತ್ತು. ರೇಡಿಯೋದಲ್ಲಿ ಹುಡುಗಿಯರು ಸ್ವಾತಂತ್ರ್ಯದ ಲಯದಲ್ಲಿ ಹಾಡುತ್ತಿದ್ದಾಗ ಕಾನೂನಿನ ಕಣ್ಣಿಗೆ ಅವರಿನ್ನೂ ಅಪ್ರಾಪ್ತರು.

ಫ್ರಾನ್ಸ್ ಗಾಲ್ ಅವರ ವೃತ್ತಿಜೀವನದ ಆರಂಭ ಇದಕ್ಕೆ ನಿದರ್ಶನ. ಅವರ ಹೆಸರೂ ಅವರ ಆಯ್ಕೆಯದಲ್ಲ. ಮನೆಯವರಿಟ್ಟ ಹೆಸರು ಇಸಬೆಲ್. ಇಸಬೆಲ್ ಓಬ್ರೆ ಎಂಬ ಗಾಯಕಿ ಆಗಲೇ ಹೆಸರಾಗಿದ್ದರಿಂದ ಹುಡುಗಿಗೆ ದೇಶದ ಹೆಸರನ್ನೇ ಇಡಲಾಯಿತು. ತಂದೆ ರೋಬೇರ್ ಗಾಲ್ ಸ್ವತಃ ಗೀತರಚನೆಕಾರರು. ಶಾರ್ಲ್ ಅಜ್ನವೂರ್ ಹಾಡಿ ಪ್ರಸಿದ್ಧವಾದ 'ಲಾ ಮಾಮಾ' ಅವರ ರಚನೆ. ಹದಿನಾರರ ಹೊಸ್ತಿಲಲ್ಲಿ ಮಗಳ ಮೊದಲ ರೆಕಾರ್ಡು ಬಂತು. ಮಾತು ಒಬ್ಬರದು, ವಾದ್ಯ ಸಂಯೋಜನೆ ಇನ್ನೊಬ್ಬರದು, ಯಾವ ಹಾಡು ಮೊದಲು ಹೊರಬರಬೇಕೆಂಬ ತೀರ್ಮಾನ ಮತ್ತೊಬ್ಬರದು. ಹುಡುಗಿಯ ಕೆಲಸ ಹಾಡುವುದು.

1966ರಲ್ಲಿ ಗೆನ್ಸ್‌ಬೂರ್ ಅವರಿಗಾಗಿ 'ಲೆ ಸ್ಯುಸೆತ್' ಎಂಬ ಹಾಡನ್ನು ಬರೆದರು. ಕೇಳುವುದಕ್ಕೆ ಅದು ಸೋಂಪಿನ ಲಾಲಿಪಾಪ್ ಇಷ್ಟಪಡುವ ಆನಿ ಎಂಬ ಹುಡುಗಿಯ ಕಥೆ. ಒಳಗೆ ಹಿರಿಯರು ಕೇಳಿ ಮುಸಿನಗುವಂಥ ಅಶ್ಲೀಲ ಶ್ಲೇಷೆ. ಹದಿನೆಂಟರ ಗಾಯಕಿ ಅದನ್ನು ಮಕ್ಕಳ ಹಾಡೆಂದೇ ನಂಬಿ ಹಾಡಿದರು. ಎರಡನೆಯ ಅರ್ಥ ತಿಳಿದಾಗ ಆದ ಅವಮಾನವನ್ನು, ಸುತ್ತಲಿನ ಹಿರಿಯರು ತನಗೆ ಮೋಸ ಮಾಡಿದರೆಂಬ ನೋವನ್ನು ಅವರು ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಹಾಡು ಬರೆದವನಿಗೆ ಅರ್ಥ ಗೊತ್ತಿತ್ತು. ಮುದ್ರಿಸಿದವರಿಗೆ, ಕೇಳಿದ ವಯಸ್ಕರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಹಾಡಿದವಳೊಬ್ಬಳಿಗೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹಾಡುವುದರಲ್ಲಿ ತಪ್ಪೇನು? ಎಂ.ಎ. ತರಗತಿಯಲ್ಲಿ ಬ್ರೌನಿಂಗ್‌ನ ನಾಟಕೀಯ ಸ್ವಗತಗಳನ್ನು ಓದುವಾಗ ನಮಗೆ ಹೇಳಿಕೊಟ್ಟ ಮೊದಲ ಪಾಠ, ಕವಿತೆಯಲ್ಲಿ ಮಾತಾಡುವವನು ಕವಿಯಲ್ಲ ಎಂಬುದು. ನಮ್ಮ ಚಿತ್ರಗೀತೆಗಳ ಸಂಪ್ರದಾಯವೂ ಇದಕ್ಕೆ ಒಗ್ಗಿದ್ದೇ. ಎಸ್. ಜಾನಕಿ, ಪಿ. ಸುಶೀಲ ಅವರ ಮನೆಮಾತು ತೆಲುಗು. ಅವರು ಕನ್ನಡದಲ್ಲಿ ಹಾಡಿದ ವಿರಹ, ಮುನಿಸು, ಲಾಲಿಗಳನ್ನೆಲ್ಲ ಬರೆದವರು ಬಹುಪಾಲು ಗಂಡಸರು. ಆದರೂ ನಮಗದು ವಂಚನೆ ಎನ್ನಿಸುವುದಿಲ್ಲ. ಏಕೆಂದರೆ ಹಾಡು ಪಾತ್ರದ್ದು, ತೆರೆಯ ಮೇಲಿನ ಮುಖ ನಟಿಯದು, ದನಿ ಗಾಯಕಿಯದು ಎಂಬ ಅಂತರ ಕೇಳುಗನಿಗೆ ಸ್ಪಷ್ಟವಾಗಿ ಗೊತ್ತು. ಯೆಯೆ ಹಾಡಿನಲ್ಲಿ ಆ ಅಂತರವನ್ನು ಬೇಕೆಂದೇ ಅಳಿಸಲಾಗಿತ್ತು. ಹಾಡಿನ 'ನಾನು' ಎಂದರೆ ಪತ್ರಿಕೆಯ ಮುಖಪುಟದಲ್ಲಿ ನಗುತ್ತಿರುವ ಇದೇ ಹುಡುಗಿ ಎಂಬ ನಂಬಿಕೆಯನ್ನೇ ಅಲ್ಲಿ ಮಾರುತ್ತಿದ್ದರು. ಹಾಗಾಗಿ ಹಾಡಿನೊಳಗಿನ ಹಾಸ್ಯ ಪಾತ್ರಕ್ಕೆ ತಗುಲದೆ ನೇರವಾಗಿ ಆಕೆಗೇ ತಗುಲುತ್ತಿತ್ತು.

ಆದರೆ ಅದೇ ಪ್ಯಾರಿಸ್ಸಿನಲ್ಲಿ, ಅದೇ ಕಾಲದಲ್ಲಿ, ಇನ್ನೊಂದು ದಾರಿಯೂ ಇತ್ತು. ಫ್ರಾನ್ಸ್ವಾಜ್ ಆರ್ದಿ 1944ರಲ್ಲಿ ಹುಟ್ಟಿದವರು. ತಾಯಿಯೊಬ್ಬರೇ ಸಾಕಿದ ಮಗಳು. ಶಾಲಾಂತ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದಕ್ಕೆ ಉಡುಗೊರೆಯಾಗಿ ಒಂದು ಗಿಟಾರ್ ಸಿಕ್ಕಿತು. ಬಲ್ಲ ಕೆಲವೇ ಸ್ವರಗಳಲ್ಲಿ ತಾನೇ ಹಾಡು ಕಟ್ಟತೊಡಗಿದರು. 1961ರ ಕೊನೆಯಲ್ಲಿ 'ವೋಗ್' ರೆಕಾರ್ಡ್ ಸಂಸ್ಥೆಯೊಡನೆ ಒಪ್ಪಂದವಾಯಿತು. ಮರುವರ್ಷ ಬಂದ ಮೊದಲ ತಟ್ಟೆಯ ನಾಲ್ಕು ಹಾಡುಗಳಲ್ಲಿ ಮೂರರ ಮಾತು ಅವರದೇ. ಸಂಸ್ಥೆ ಭರವಸೆಯಿಟ್ಟಿದ್ದು ನಾಲ್ಕನೆಯದರ ಮೇಲೆ, ಅಂದರೆ ಅಮೆರಿಕದ ಹಾಡೊಂದರ ಫ್ರೆಂಚ್ ರೂಪಾಂತರದ ಮೇಲೆ.

1962ರ ಅಕ್ಟೋಬರ್ 28ರಂದು ಫ್ರಾನ್ಸಿನಲ್ಲಿ ಜನಮತಗಣನೆ ನಡೆಯಿತು. ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸಬೇಕೆಂಬ ದ ಗಾಲ್ ಅವರ ಪ್ರಸ್ತಾವದ ಮೇಲೆ ಮತ. ಫಲಿತಾಂಶಕ್ಕಾಗಿ ದೇಶವೆಲ್ಲ ಟೆಲಿವಿಷನ್ ಮುಂದೆ ಕುಳಿತಿತ್ತು. ನಡುವಿನ ಬಿಡುವಿನಲ್ಲಿ ಹದಿನೆಂಟು ವರ್ಷದ ಆರ್ದಿ ಕಾಣಿಸಿಕೊಂಡು 'ತು ಲೆ ಗರ್ಸೋಂ ಎ ಲೆ ಫೀಯ್' ಹಾಡಿದರು. ತನ್ನ ಓರಗೆಯ ಹುಡುಗ ಹುಡುಗಿಯರೆಲ್ಲ ಜೋಡಿಯಾಗಿ ಬೀದಿಯಲ್ಲಿ ನಡೆಯುವುದನ್ನು ನೋಡುತ್ತ ಒಂಟಿಯಾಗಿರುವ ಹುಡುಗಿಯ ಹಾಡದು. ಕುಣಿತವಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಸಂಕೋಚವೇ ಅದರ ಸ್ಥಾಯಿ. ಆ ನಂತರ ರೆಕಾರ್ಡು ಲಕ್ಷಗಟ್ಟಲೆ ಮಾರಾಟವಾಯಿತು. ಸಂಸ್ಥೆಯ ಲೆಕ್ಕಾಚಾರ ತಪ್ಪಿತ್ತು. ಪರರು ಬರೆದ ಉಲ್ಲಾಸಕ್ಕಿಂತ ಹುಡುಗಿ ತಾನೇ ಬರೆದ ಒಂಟಿತನವನ್ನು ಜನ ಆರಿಸಿಕೊಂಡಿದ್ದರು. 1963ರ ಯೂರೋವಿಷನ್‌ನಲ್ಲಿ ಮೊನಾಕೊ ಪರವಾಗಿ ಅವರು ಹಾಡಿದ್ದೂ ಸ್ವಂತ ರಚನೆಯನ್ನೇ.

ಆರ್ದಿ ಬಂಡಾಯದ ಘೋಷಣೆ ಕೂಗಿದವರಲ್ಲ. ವೇದಿಕೆಯೆಂದರೆ ಅವರಿಗೆ ಅಂಜಿಕೆ. 1968ರ ಹೊತ್ತಿಗೆ ಸಭೆಗಳಲ್ಲಿ ಹಾಡುವುದನ್ನೇ ಬಿಟ್ಟರು. ಆದರೆ ರೆಕಾರ್ಡು ಹೊರತರುವುದನ್ನು ಬಿಡಲಿಲ್ಲ. ಗೆನ್ಸ್‌ಬೂರ್ ಅವರಿಗೂ ಬರೆದುಕೊಟ್ಟದ್ದುಂಟು. 1968ರ 'ಕೊಮಾಂ ತ ದೀರ್ ಅದ್ಯೂ' ಹಾಡಿನ ಫ್ರೆಂಚ್ ಸಾಹಿತ್ಯ ಅವರದೇ. ಆದರೆ ಅಲ್ಲಿ ಹಾಡಿದ್ದು ಇಪ್ಪತ್ತನಾಲ್ಕರ, ಸ್ವತಃ ಬರೆಯಬಲ್ಲ, ಒಲ್ಲೆನೆನ್ನಬಲ್ಲ ಹೆಣ್ಣು. ಕವಿ ಅವನೇ ಆದರೂ ಹಾಡಿನ ನೈತಿಕ ನೆಲೆ ಬೇರೆಯಾಯಿತು.

ಇಟಲಿಗೆ ಬಂದರೆ ಈ ಪ್ರಶ್ನೆಗೆ ಚರ್ಚು, ಸಂಸಾರ, ಸರ್ಕಾರಿ ಟೆಲಿವಿಷನ್‌ಗಳ ನೆರಳೂ ಸೇರಿಕೊಳ್ಳುತ್ತದೆ. ಅಲ್ಲಿನ ಮಹಾಗಾಯಕಿ ಮೀನಾ 1963ರಲ್ಲಿ ನಟ ಕೊರ್ರಾದೊ ಪಾನಿಯಿಂದ ಮಗುವಿಗೆ ತಾಯಿಯಾದರು. ಪಾನಿ ಹೆಂಡತಿಯಿಂದ ದೂರವಾಗಿದ್ದರೂ ಕಾನೂನಿನ ಪ್ರಕಾರ ವಿವಾಹಿತ; ವಿಚ್ಛೇದನದ ಕಾನೂನೇ ಆ ದೇಶದಲ್ಲಿ ಇರಲಿಲ್ಲ, ಅದು ಬಂದದ್ದು 1970ರ ಡಿಸೆಂಬರಿನಲ್ಲಿ. ಸರ್ಕಾರಿ ಪ್ರಸಾರ ಸಂಸ್ಥೆ ಮೀನಾ ಅವರನ್ನು ತೆರೆಯಿಂದ ದೂರವಿಟ್ಟಿತು. ಕೇಳುಗರು ಮಾತ್ರ ಕೈಬಿಡಲಿಲ್ಲ. 1964ರಲ್ಲಿ ಅದೇ ಸಂಸ್ಥೆ ಅವರನ್ನು ಮರಳಿ ಕರೆಯಬೇಕಾಯಿತು.

ಅದೇ 1964ರಲ್ಲಿ ಸಾನ್ರೆಮೊ ಗೀತೋತ್ಸವವನ್ನೂ ಬಳಿಕ ಕೋಪನ್‌ಹೇಗನ್ನಿನ ಯೂರೋವಿಷನ್ನನ್ನೂ ಗೆದ್ದವರು ಹದಿನಾರು ವರ್ಷದ ಜಿಲ್ಯೋಲಾ ಚಿಂಕ್ವೆತ್ತಿ. ಹಾಡು 'ನೊನ್ ಒ ಲೆತಾ', ಅಂದರೆ 'ನನಗಿನ್ನೂ ವಯಸ್ಸಾಗಿಲ್ಲ'. ನಿನ್ನನ್ನು ಪ್ರೀತಿಸಲು, ನಿನ್ನೊಡನೆ ಒಂಟಿಯಾಗಿ ಬರಲು ನಾನಿನ್ನೂ ಚಿಕ್ಕವಳು ಎಂಬುದು ಅದರ ಭಾವ. ಮೀನಾ ಅವರನ್ನು ಶಿಕ್ಷಿಸಿದ ಸಮಾಜ ಈ ಹಾಡನ್ನು ತೊಟ್ಟಿಲು ಕಟ್ಟಿ ತೂಗಿತು. ಎರಡು ವರ್ಷ ಕಳೆದು, 1966ರ ಸಾನ್ರೆಮೊದಲ್ಲಿ, ಮೊದೆನಾ ಸೀಮೆಯ ಕತೆರಿನಾ ಕಾಸೆಲ್ಲಿ ಹೊಂಬಣ್ಣದ ಗಿಡ್ಡ ಕೂದಲಿನೊಂದಿಗೆ ಬಂದು 'ನೆಸ್ಸೂನೊ ಮಿ ಪುಒ ಜ್ಯುದಿಕಾರೆ', ಅಂದರೆ 'ನನ್ನನ್ನು ಅಳೆಯುವ ಹಕ್ಕು ಯಾರಿಗೂ ಇಲ್ಲ' ಎಂದು ಹಾಡಿದರು. ಆ ವರ್ಷದ ಮೊದಲ ಬಹುಮಾನ ಮತ್ತೆ ಚಿಂಕ್ವೆತ್ತಿ ಮತ್ತು ದೊಮೆನಿಕೊ ಮೊದುನ್ಯೊ ಹಾಡಿದ ಗೀತೆಗೆ ಸಂದಿತು. ಕಾಸೆಲ್ಲಿಯದು ಎರಡನೆಯ ಸ್ಥಾನ. ಆದರೆ ಹುಡುಗಿಯರು ಬೀದಿಯಲ್ಲಿ ಹಾಡಿಕೊಂಡು ನಡೆದದ್ದು ಅದನ್ನೇ.

ಎರಡು ವರ್ಷಗಳಲ್ಲಿ ಇಟಲಿಯ ಹೆಣ್ಣು 'ನನಗೆ ವಯಸ್ಸಾಗಿಲ್ಲ' ಎಂಬಲ್ಲಿಂದ 'ನೀನ್ಯಾರು ಕೇಳಲು' ಎಂಬಲ್ಲಿಗೆ ಬಂದಳೆಂದು ಇತಿಹಾಸ ಬರೆದುಬಿಡುವುದು ಸುಲಭ. ಆದರೆ ರಚನಕಾರರ ಪಟ್ಟಿಯನ್ನು ನೋಡಿದರೆ ಕೈ ತಡೆಯುತ್ತದೆ. ಎರಡೂ ಹಾಡುಗಳ ಹಿಂದಿನ ಲೇಖನಿಗಳಲ್ಲಿ ಒಂದು ಸಾಮಾನ್ಯ ಹೆಸರಿದೆ: ಮಾರಿಯೊ ಪಾಂಜೆರಿ, ಆಗಲೇ ಐವತ್ತು ದಾಟಿದ್ದ ಅನುಭವಿ ಗೀತರಚನೆಕಾರ. ಹೆಣ್ಣಿನ ವಿಧೇಯತೆಗೂ ಹೆಣ್ಣಿನ ಬಂಡಾಯಕ್ಕೂ ಅವರ ಕೈಯೇ ಸೇರಿತ್ತು. ಅಷ್ಟೇ ಅಲ್ಲ, ಎರಡನೆಯ ಹಾಡು ಮೊದಲು ಹೋದದ್ದು ಆದ್ರಿಯಾನೊ ಚೆಲೆಂತಾನೊ ಎಂಬ ಗಾಯಕನ ಬಳಿಗೆ. ಆತ ಒಲ್ಲೆನೆಂದ ಮೇಲೆ ಅದು ಕಾಸೆಲ್ಲಿಯ ಪಾಲಿಗೆ ಬಂತು.

ಹಾಗಾದರೆ ಆ ಬಂಡಾಯ ಸುಳ್ಳೆ? ಹಾಗೆನ್ನಲು ನನಗೆ ಮನಸ್ಸಿಲ್ಲ. ಗಂಡಸು ಹಾಡಿದ್ದರೆ ಆ ಸಾಲುಗಳು ತಪ್ಪು ಮಾಡಿ ಸಿಕ್ಕಿಬಿದ್ದ ಪ್ರಿಯಕರನ ಉದ್ಧಟತನವಾಗಿ ಉಳಿದುಬಿಡುತ್ತಿದ್ದವು. ಮೀನಾ ಅವರನ್ನು ತೆರೆಯಿಂದ ಸರಿಸಿದ ದೇಶದಲ್ಲಿ, ಹೆಣ್ಣಿನ ದಾಂಪತ್ಯದ್ರೋಹವನ್ನು 1968ರವರೆಗೂ ದಂಡನೀಯ ಅಪರಾಧವೆಂದು ಎಣಿಸಿದ್ದ ದೇಶದಲ್ಲಿ, ಹೆಣ್ಣೊಬ್ಬಳು ಅದನ್ನು ಹಾಡಿದಾಗ ಮಾತಿನ ಅರ್ಥವೇ ಬದಲಾಯಿತು. ಬರೆದವರು ಊಹಿಸಿರದ ಅರ್ಥವನ್ನು ಹಾಡಿದವಳು ಸೇರಿಸಿದಳು. 'ಲೆ ಸ್ಯುಸೆತ್'ನಲ್ಲಿ ಬರೆದವನು ಗಾಯಕಿಗೆ ತಿಳಿಯದ ಅರ್ಥವನ್ನು ಹುದುಗಿಸಿದ್ದ. ಇಲ್ಲಿ ಲೆಕ್ಕ ತಿರುಗುಮುರುಗಾಯಿತು.

ಸಮುದ್ರ ದಾಟಿದರೆ ಇಂಗ್ಲೆಂಡಿನಲ್ಲಿ ಇನ್ನೊಂದು ಗೊಂಬೆ ಕಾದಿದೆ. ಸ್ಯಾಂಡಿ ಶಾ ಡಾಗೆನ್‌ಹ್ಯಾಮ್‌ನ ಹುಡುಗಿ, ಫೋರ್ಡ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಬರಿಗಾಲಿನಲ್ಲಿ ಹಾಡುವುದಕ್ಕೆ ಹೆಸರಾದವರು. 1967ರ ಏಪ್ರಿಲ್ 8ರಂದು ವಿಯೆನ್ನಾದಲ್ಲಿ 'ಪಪೆಟ್ ಆನ್ ಎ ಸ್ಟ್ರಿಂಗ್' ಹಾಡಿ ಬ್ರಿಟನ್ನಿಗೆ ಮೊದಲ ಯೂರೋವಿಷನ್ ಗೆಲುವು ತಂದರು. ಆ ಹಾಡು ಅವರಿಗೆ ಮೊದಲಿನಿಂದಲೂ ಇಷ್ಟವಿರಲಿಲ್ಲ. ಸ್ಪರ್ಧೆಗೆ ಅದನ್ನು ಆರಿಸಿದ್ದು ವೀಕ್ಷಕರ ಮತ. ಪ್ರೀತಿಸಿದವನ ಕೈಯಲ್ಲಿ ತಾನೊಂದು ಸೂತ್ರದ ಗೊಂಬೆ ಎನ್ನುವ ಹಾಡನ್ನು ಒಲ್ಲದ ಮನಸ್ಸಿನಿಂದ ಹಾಡಿ, ಅದೇ ಹಾಡಿನಿಂದ ಶಾಶ್ವತವಾಗಿ ಗುರುತಿಸಲ್ಪಟ್ಟರು. ಮೂರು ವರ್ಷಗಳೊಳಗೆ ಯೂರೋಪು ಎರಡು ಸಲ ಗೊಂಬೆಗೆ ಕಿರೀಟ ತೊಡಿಸಿತ್ತು. ಗೆನ್ಸ್‌ಬೂರ್‌ನ ಹಾಡಿನಲ್ಲಿ ಗೊಂಬೆಗೆ ತಾನು ಗೊಂಬೆಯೆಂಬ ಅರಿವಾದರೂ ಇತ್ತು. ಇಲ್ಲಿ ಅದೂ ಇಲ್ಲ, ಸೂತ್ರದಲ್ಲಿ ಕುಣಿಯುವ ಸಡಗರವಷ್ಟೇ.

ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರ ಕಥೆ ಇದಕ್ಕೆ ಎದುರು. 1965ರ ಸಾನ್ರೆಮೊಗೆ ಹೋಗಿದ್ದಾಗ ಪೀನೊ ದೊನಾಜ್ಜೊ ಅವರ 'ನೀನಿಲ್ಲದೆ ಬದುಕಲಾರೆ' ಎಂಬ ಭಾವದ ಇಟಾಲಿಯನ್ ಹಾಡನ್ನು ಕೇಳಿ ಮನಸೋತರು. ಅದಕ್ಕೆ ಇಂಗ್ಲಿಷ್ ಮಾತು ಬರೆದವರು ಅವರ ಗೆಳತಿ ವಿಕಿ ವಿಕ್‌ಹ್ಯಾಮ್ ಮತ್ತು ಸೈಮನ್ ನೇಪಿಯರ್-ಬೆಲ್. ಮೂಲದ ಅರ್ಥವನ್ನು ಅವರು ಅನುಸರಿಸಲಿಲ್ಲ. 'ಪ್ರೀತಿಸುತ್ತೇನೆಂದು ಹೇಳಬೇಕಾಗಿಲ್ಲ, ಹತ್ತಿರವಿದ್ದರೆ ಸಾಕು' ಎಂಬ ಹೊಸ ಅರ್ಥ ಕಟ್ಟಿದರು. ಮುದ್ರಣದ ವೇಳೆ ಕೋಣೆಯ ನಾದ ಹಿಡಿಸದೆ ಡಸ್ಟಿ ಸ್ಟುಡಿಯೋದ ಮೆಟ್ಟಿಲ ಬಾವಿಯಲ್ಲಿ ನಿಂತು, ಅಲ್ಲಿನ ಅನುರಣನದಲ್ಲಿ ಮತ್ತೆ ಮತ್ತೆ ಹಾಡಿದರು. 1966ರಲ್ಲಿ ಅದು ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಮೇಲೆ ನಿರ್ಮಾಪಕ ಎಂದು ಅಚ್ಚಾದ ಹೆಸರು ಜಾನಿ ಫ್ರಾಂಜ್ ಅವರದು. ಆದರೆ ವಾದ್ಯಗಳ ಹದ, ನಾದದ ಆಯ್ಕೆ, ಎಲ್ಲಿಯವರೆಗೆ ಸಾಕಾಗದೆಂಬ ಹಟ ಬಹುಮಟ್ಟಿಗೆ ಡಸ್ಟಿಯವರದು. ಕೆಲಸವಿದ್ದೂ ಹೆಸರಿಲ್ಲದಿರುವುದು ಹೆಣ್ಣುಮಕ್ಕಳಿಗೆ ಹೊಸದಲ್ಲ.

ತನ್ನ ದನಿ ಎಲ್ಲಿ ಕೇಳಬೇಕು, ಯಾರಿಗೆ ಕೇಳಬೇಕು ಎಂಬುದನ್ನೂ ಅವರು ತೀರ್ಮಾನಿಸಿದ್ದರು. 1964ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ, ವರ್ಣಭೇದದ ಪ್ರಕಾರ ಬೇರ್ಪಡಿಸಿದ ಸಭೆಗೆ ಹಾಡುವುದಿಲ್ಲವೆಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿದ್ದರು. ಕೇಪ್‌ಟೌನ್ ಸಮೀಪ ಬಿಳಿಯರೂ ಕರಿಯರೂ ಕೂಡಿ ಕುಳಿತ ಸಭೆಯಲ್ಲಿ ಹಾಡಿದರು. ಸರ್ಕಾರ ಅವರನ್ನು ದೇಶದಿಂದ ಹೊರಗೆ ಕಳಿಸಿತು. ಹಾಡಿನ ಮಾತು ಪರರದಾಗಿದ್ದರೂ 'ಇಲ್ಲಿ ಹಾಡುವುದಿಲ್ಲ' ಎಂಬ ಮಾತು ಅವರದೇ ಆಗಿತ್ತು.

ಮರಿಯಾನ್ ಫೇತ್‌ಫುಲ್ ಅವರನ್ನೂ ನೆನೆಯಬೇಕು. 1964ರಲ್ಲಿ ಹದಿನೇಳರ ಈ ಹುಡುಗಿಗೆ ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ಮತ್ತು ಆಂಡ್ರ್ಯೂ ಓಲ್ಡ್‌ಹ್ಯಾಮ್ ಬರೆದುಕೊಟ್ಟ 'ಆ್ಯಸ್ ಟಿಯರ್ಸ್ ಗೋ ಬೈ' ಹಾಡಿನಲ್ಲಿ, ಆಡುವ ಮಕ್ಕಳನ್ನು ದೂರದಿಂದ ನೋಡುವ ಬಳಲಿದ ಜೀವವೊಂದು ಮಾತಾಡುತ್ತದೆ. ಹದಿನೇಳಕ್ಕೆ ಒಪ್ಪದ ಮಾತು ಅದು. 1969ರಲ್ಲಿ ಆಕೆಯೂ ಕೈಗೂಡಿಸಿ ಬರೆದ 'ಸಿಸ್ಟರ್ ಮಾರ್ಫಿನ್' ಎರಡು ವರ್ಷದ ನಂತರ ರೋಲಿಂಗ್ ಸ್ಟೋನ್ಸ್ ತಂಡದ ರೆಕಾರ್ಡಿನಲ್ಲಿ ಬಂದಾಗ ಆಕೆಯ ಹೆಸರೇ ಇರಲಿಲ್ಲ. ಆ ಹೆಸರು ಸೇರಲು ದಶಕಗಳೇ ಬೇಕಾದವು. ನಡುವೆ ಮಾದಕ ವಸ್ತುಗಳ ಚಟ, ಬೀದಿಯ ಬದುಕು, ಒಡೆದ ಕಂಠ. 1987ರಲ್ಲಿ, ನಲವತ್ತರ ವಯಸ್ಸಿನಲ್ಲಿ, 'ಸ್ಟ್ರೇಂಜ್ ವೆದರ್' ಎಂಬ ರೆಕಾರ್ಡಿಗಾಗಿ ಅವರು ಮೊದಲಿನ ಆ ಹಾಡನ್ನೇ ಮತ್ತೆ ಹಾಡಿದರು. ಒಂದು ಪದವೂ ಬದಲಾಗಲಿಲ್ಲ. ಆದರೆ ಎರಡು ಮುದ್ರಣಗಳನ್ನು ಒಂದಾದ ಮೇಲೊಂದು ಕೇಳಿದರೆ, ಮೊದಲನೆಯದರಲ್ಲಿ ಹುಡುಗಿ ಯಾರೋ ಕೊಟ್ಟ ಅಂಗಿ ತೊಟ್ಟಂತಿದೆ. ಎರಡನೆಯದರಲ್ಲಿ ಅಂಗಿ ಅವಳದೇ. ಬರೆಯದೆಯೂ ಮಾತನ್ನು ತನ್ನದಾಗಿಸಿಕೊಳ್ಳಬಹುದು, ಅದಕ್ಕೆ ಬದುಕಿನ ಬೆಲೆ ತೆರಬೇಕಾದೀತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಸಿಕ್ಕಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಮರಳಿದಾಗ, 'ಯಾರು ಬರೆದರು' ಎಂಬುದೊಂದೇ ಸಾಲದೆನ್ನಿಸುತ್ತದೆ. ಹೆಣ್ಣು ಬರೆದದ್ದೆಲ್ಲ ಸತ್ಯ, ಗಂಡು ಬರೆದದ್ದೆಲ್ಲ ವಂಚನೆ ಎಂದು ವಿಂಗಡಿಸಿದರೆ ಡಸ್ಟಿಯೂ ಕಾಸೆಲ್ಲಿಯೂ ಕೈತಪ್ಪಿಹೋಗುತ್ತಾರೆ. ಕೇಳಬೇಕಾದದ್ದು, ಹಾಡುವಾಗ ಆಕೆಗೆ ಅರಿವಿತ್ತೆ, ಆಯ್ಕೆಯಿತ್ತೆ ಎಂಬುದನ್ನು. ಇದಕ್ಕೆ ಫ್ರಾನ್ಸ್ ಗಾಲ್ ಅವರ ಉತ್ತರಾರ್ಧವೇ ಪುರಾವೆ. ಅರವತ್ತರ ದಶಕದ ಕೊನೆಯ ವರ್ಷಗಳು ಅವರಿಗೆ ಸೋಲಿನವು. 1974ರಲ್ಲಿ ಮಿಶೆಲ್ ಬೆರ್ಜೆ ಅವರ ಹಾಡಿನೊಂದಿಗೆ ಮರಳಿದರು. 1976ರಲ್ಲಿ ಇಬ್ಬರೂ ಮದುವೆಯಾದರು. ಮುಂದಿನ ಹಾಡುಗಳನ್ನು ಬರೆದದ್ದು ಬೆರ್ಜೆ, ಅಂದರೆ ಮತ್ತೆ ಗಂಡಸೇ. ಆದರೆ ಅವು ಇಬ್ಬರೂ ಕೂತು, ಅರ್ಥ ಅರಿತು, ಒಪ್ಪಿ ಕಟ್ಟಿದವು. 1987ರಲ್ಲಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರನ್ನು ಕೊಂಡಾಡಿ ಹಾಡಿದ 'ಎಲ್ಲಾ, ಎಲ್ ಲಾ' ಯುರೋಪಿನಾದ್ಯಂತ ಮೊಳಗಿತು. ಕರಿಯ ಗಾಯಕಿಯೊಬ್ಬಳ ದನಿಯೊಳಗೆ ಯಾರೂ ಕೊಡಲಾಗದ, ಯಾರೂ ಕಸಿಯಲಾಗದ ಏನೋ ಒಂದಿದೆ ಎನ್ನುವ ಹಾಡದು. ನೇಪಲ್ಸಿನ ಗೊಂಬೆ ಹಾಡನ್ನಾದರೋ ಅವರು ನಂತರದ ವರ್ಷಗಳಲ್ಲಿ ಹಾಡಲು ಒಲ್ಲದಾದರು.

ಫ್ರಾನ್ಸ್ ಗಾಲ್ 2018ರ ಜನವರಿಯಲ್ಲಿ, ಆರ್ದಿ 2024ರ ಜೂನ್‌ನಲ್ಲಿ, ಫೇತ್‌ಫುಲ್ 2025ರ ಜನವರಿಯಲ್ಲಿ ತೀರಿಕೊಂಡರು. ನೇಪಲ್ಸಿನ ಆ ರಾತ್ರಿಯ ಕಪ್ಪುಬಿಳುಪು ದೃಶ್ಯ ಇಂದಿಗೂ ನೋಡಲು ಸಿಗುತ್ತದೆ. ಹಾಡು ಲವಲವಿಕೆಯದು, ಮೊದಲ ಸಲ ಕೇಳಿದಾಗ ಕಾಲು ತಾನಾಗಿ ತಾಳ ಹಾಕುತ್ತದೆ. ಕಥೆ ತಿಳಿದ ಮೇಲೆ ಇನ್ನೊಮ್ಮೆ ನೋಡಿದೆ. ಕಣ್ಣು ಹಾಡಿನ ಮೇಲೆ ನಿಲ್ಲಲಿಲ್ಲ. ಮೈಕಿನ ಮುಂದೆ ನಿಂತು, ತನ್ನ ಬಗ್ಗೆ ಯಾರೋ ಬರೆದುಕೊಟ್ಟ ಮಾತನ್ನು ಎಲ್ಲೂ ತಪ್ಪದಂತೆ ಒಪ್ಪಿಸುತ್ತಿದ್ದ ಆ ಹದಿನೇಳರ ಮುಖದ ಮೇಲೆಯೇ ನಿಂತಿತು.